ಉಸ್ತಾದರ ಎಡಗಾಲು

ಲಾರಿ ಹೊಡೆಯುವವನ ಬಲಗಾಲಿಗೆ ಎರಡು ಕೆಲಸ, ಎಡಗಾಲಿಗೆ ಒಂದೇ ಕೆಲಸ, ಕ್ಲಚ್ಚು. ಆದರೆ ಆ ಒಂದು ಕೆಲಸ ಆಗದಿದ್ದರೆ ಗಾಡಿ ನಿಂತ ಜಾಗ ಬಿಟ್ಟು ಕದಲುವುದಿಲ್ಲ. ನನಗೆ ಲಾರಿ ಕಲಿಸಿದ ಉಸ್ತಾದರ ಎಡಗಾಲು ಇಪ್ಪತ್ತೆಂಟು ವರ್ಷ ಕ್ಲಚ್ಚು ಒತ್ತಿದ ಕಾಲು. ನಾನು ಅವರ ಕೈಕೆಳಗೆ ಕೆಲಸಕ್ಕೆ ಹತ್ತಿದ ಹತ್ತೊಂಬತ್ತನೇ ದಿನ ಆ ಕಾಲು ಲಾರಿಯ ಹಿಂಭಾಗಕ್ಕೂ ಒಂದು ಕಲ್ಲಿನ ಕಟ್ಟೆಗೂ ನಡುವೆ ಸಿಕ್ಕಿಬಿತ್ತು. ಆಗ ಸ್ಟೇರಿಂಗ್ ಹಿಡಿದು ಕೂತಿದ್ದವನು ನಾನು.

ಅದು ಒಂದು ಮಾತಿನ ಗೊಂದಲದಿಂದ ಆದ ಅನಾಹುತ ಅಂತ ಗದಗಿನಿಂದ ಮುಂಡರಗಿಯವರೆಗೆ ಗಾಡಿಯವರೂ ಹಮಾಲರೂ ಹೇಳುತ್ತಾರೆ. ಉಸ್ತಾದರೂ ಹಾಗೇ ಹೇಳುತ್ತಿದ್ದರು. ಯಾರಾದರೂ ನನ್ನೆದುರು ಹಾಗೆ ಹೇಳಿದಾಗ ಎರಡು ವರ್ಷ ನಾನು ಹೂಂಗುಟ್ಟಿದ್ದೇನೆ.

ನಾನು ಬೆಟಗೇರಿಯ ನೇಕಾರರ ಮನೆಯವನು. ಮೂವತ್ತಾರು ವಯಸ್ಸಿನವರೆಗೆ ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದೆ. ಕೆಲಸ ಕಡಿಮೆಯಾಗುತ್ತ ಆಗುತ್ತ ಒಂದು ದಿನ ಮಗ್ಗ ನಿಂತೇ ಹೋಯಿತು. ಆಮೇಲೆ ಗದಗಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಒಬ್ಬ ಹೆಣ್ಣುಮಗಳು ಮೂವತ್ತು ಸೀರೆ ಬಿಚ್ಚಿಸಿ, ಎಲ್ಲದಕ್ಕೂ ಮೂಗು ಮುರಿದು ಎದ್ದು ನಿಂತಾಗ, “ನಿಮಗ ಸೀರಿ ಬ್ಯಾಡ್ರಿ, ಕನ್ನಡಿ ಬೇಕು” ಅಂದುಬಿಟ್ಟೆ. ಅವತ್ತು ಸಂಜೆಯೇ ಮಾಲೀಕರು ನಾಳೆಯಿಂದ ಬರಬೇಡ ಅಂದರು. ನನ್ನ ಸಿಟ್ಟು ಅಂಥದ್ದು. ಮೂಗಿನ ತುದಿಯಲ್ಲೇ ಕೂತಿರುತ್ತದೆ, ಕರೆಯುವುದೇ ಬೇಡ.

ಲಾರಿ ಕಲಿಯುತ್ತೇನೆ ಅಂದಾಗ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

“ಕುಂತಲ್ಲೇ ಕುಂತು ಬೆಳದವ್ರು ನೀವು. ಲಾರಿ ಹೊಡಿತೀರೇನು?”

“ಲಾರಿ ಏನ ನಿಂತ ಹೊಡಿತಾರ? ಅದನ್ನೂ ಕುಂತ ಹೊಡಿತಾರ.”

ಮಾತಿಗೇನೋ ಮಾತು ಕೊಟ್ಟೆ. ಲೈಸೆನ್ಸೂ ಆಯಿತು. ಗದಗಿನ ಒಬ್ಬ ಲಾರಿ ಮಾಲೀಕರು, “ಒಂದ ತಿಂಗಳು ನಮ್ಮ ಹಳೇ ಡ್ರೈವರ್ ಜೋಡಿ ತಿರುಗು. ಅವ್ರು ಹೂಂ ಅಂದ್ರ ನಿನಗ ಬ್ಯಾರೆ ಗಾಡಿ ಕೊಡ್ತೀನಿ” ಅಂದರು. ಆ ಹಳೇ ಡ್ರೈವರೇ ಉಸ್ತಾದರು. ಬೆಳ್ಳಟ್ಟಿಯ ಒಕ್ಕಲುತನದ ಮನೆಯವರು, ಶಿರಹಟ್ಟಿಯಲ್ಲಿ ಸಂಸಾರ. ಐವತ್ತು ದಾಟಿದ, ತೆಳ್ಳಗಿನ, ಹೆಗಲ ಮೇಲೆ ಸದಾ ಒಂದು ಟವೆಲ್ಲು ಇರುವ ಮನುಷ್ಯ.

ಅವರು ಕೂಗಿ ಬೈಯುವವರಾಗಿದ್ದರೆ ನನಗೂ ಅವರಿಗೂ ಸರಿಹೋಗುತ್ತಿತ್ತು. ನಾನೂ ತಿರುಗಿ ಕೂಗುತ್ತಿದ್ದೆ, ಇಬ್ಬರ ಎದೆಯೂ ಹಗುರಾಗುತ್ತಿತ್ತು. ಅವರು ಬೈಯುತ್ತಲೇ ಇರಲಿಲ್ಲ. ನಾನು ಗೇರು ಕರಕರ ಅನ್ನಿಸಿದಾಗ, “ಹಾಂ, ಭಾಳ ಚಲೋ ಆತು. ಜೋಳ ಬೀಸಿದಂಗ ಆತು” ಅಂತ ಮೆಲ್ಲಗೆ ಹೇಳಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಆ ಮೆಲ್ಲಗಿನ ಮಾತು ದಿನವಿಡೀ ಕಿವಿಯಲ್ಲಿ ಕೂತಿರುತ್ತಿತ್ತು.

ಮೊದಲ ವಾರ ನನಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಮಗ್ಗದಲ್ಲಿ ಎಲ್ಲವೂ ಕಣ್ಣ ಮುಂದೆ ಇರುತ್ತದೆ. ಒಂದು ಎಳೆ ಹರಿದರೂ ಕಾಣುತ್ತದೆ, ಬೆರಳು ಹಾಕಿ ಗಂಟು ಹಾಕಬಹುದು. ಲಾರಿಯಲ್ಲಿ ಮುಕ್ಕಾಲು ಪಾಲು ಬೆನ್ನ ಹಿಂದೆ ಇರುತ್ತದೆ. ಮಲ್ಲಸಮುದ್ರದ ಹತ್ತಿರ ಒಬ್ಬ ಸೈಕಲ್ಲಿನವನನ್ನು ದಾಟಿಸಿ ಮುಂದೆ ಬಂದ ಮೇಲೆ ಎರಡು ಮೈಲಿಯವರೆಗೂ ಕನ್ನಡಿ ನೋಡುತ್ತ ಬಂದೆ. ಅವನು ಗಾಲಿಯ ಕೆಳಗೆ ಹೋದನೋ ಏನೋ ಅಂತ ಕೈ ಬೆವರುತ್ತಿತ್ತು. ಉಸ್ತಾದರು, “ಅಂವ ಮನಿ ಮುಟ್ಟಿ ಚಾ ಕುಡಿದಿರ್ತಾನ. ನೀ ಮುಂದ ನೋಡು” ಅಂದರು.

ಬೆನ್ನು ಹಲಗೆಯಾಯಿತು. ಹೊತ್ತಿಗೆ ಸರಿಯಾಗಿ ಊಟವಿಲ್ಲ, ಹೊತ್ತಿಗೆ ಸರಿಯಾಗಿ ಹೊರಕಡೆಗೆ ಹೋಗುವುದಕ್ಕೂ ಇಲ್ಲ. ಯಾರದೋ ಹೊಲದ ಬೋರಿನ ನೀರಿಗೆ ತಲೆ ಕೊಟ್ಟರೆ ಅದೇ ಜಳಕ. ಹೆಂಡತಿ ಫೋನು ಮಾಡಿ “ಎಲ್ಲಿ ಅದೀರಿ?” ಅಂದರೆ ನನಗೆ ನಿಜವಾಗಿಯೂ ಗೊತ್ತಿರುತ್ತಿರಲಿಲ್ಲ. “ರೋಡಿನ್ಯಾಗ ಅದೀನಿ, ಮತ್ತೆಲ್ಲಿ?” ಅಂತ ರೇಗುತ್ತಿದ್ದೆ. ಆರು ದಿನದ ಮೇಲೆ ಮನೆಗೆ ಬಂದು ಮಲಗಿದರೆ ನಿದ್ದೆಯಲ್ಲಿ ಎಡಗಾಲು ಒತ್ತುತ್ತಲೇ ಇತ್ತಂತೆ. ಬೆಳಗ್ಗೆ ಎದ್ದು ಹೆಂಡತಿ, “ನನ್ನ ಮೊಣಕಾಲಿಗೆ ಏನರ ಗೇರ್ ಬೀಳತಾವೇನ್ರಿ?” ಅಂತ ಕೇಳಿದಳು. ಅಷ್ಟು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ನನಗೆ ಎರಡು ಕೆಲಸ ಒಲಿಯಲೇ ಇಲ್ಲ. ಒಂದು, ಏರಿನಲ್ಲಿ ನಿಂತ ಗಾಡಿಯನ್ನು ಮುಂದೆ ತೆಗೆಯುವುದು. ಕಪ್ಪತಗುಡ್ಡದ ಕಡೆಯ ಒಂದು ಏರಿನಲ್ಲಿ ಎಮ್ಮೆಗಳು ಅಡ್ಡ ಬಂದು ನಿಲ್ಲಿಸಬೇಕಾಯಿತು. ಮತ್ತೆ ಹೊರಡಿಸುವಾಗ ಗಾಡಿ ಮುಂದೆ ಹೋಗುವುದನ್ನು ಬಿಟ್ಟು ಹಿಂದಕ್ಕೆ ಸರಿಯಿತು. ಹಿಂದೆ ಬಸ್ಸಿನವನು ಹಾರ್ನ್ ಹೊಡೆದೇ ಹೊಡೆದ. ಉಸ್ತಾದರು ಇಳಿದು ಗಾಲಿಗೆ ಕಲ್ಲು ಕೊಟ್ಟು ಮತ್ತೆ ಹತ್ತಿದರು. “ಒಂದ ಕಲ್ಲು ಗಾಡ್ಯಾಗ ಇಟಗೊಂಬಿಡೂಣು. ಮನಿ ದೇವ್ರ ಆತು ಅದು ನಮಗ” ಅಂದರು. ಇನ್ನೊಂದು, ಹಿಂದಕ್ಕೆ ತಂದು ಕಟ್ಟೆಗೆ ಹಚ್ಚುವುದು. ಗೋದಾಮುಗಳ ಮುಂದೆ ಲಾರಿಯ ಎತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿರುತ್ತಾರೆ. ಗಾಡಿಯ ಹಿಂಭಾಗ ಅದಕ್ಕೆ ಹತ್ತಿಕೊಂಡು ನಿಂತರೆ ಹಮಾಲರು ಚೀಲ ಹೊತ್ತು ನೇರ ಒಳಗೆ ನಡೆದು ಹೋಗುತ್ತಾರೆ. ನಡುವೆ ಸಂದು ಬಿಟ್ಟರೆ ಹಲಗೆ ಹಾಕಬೇಕು, ಹಲಗೆಯ ಮೇಲೆ ಚೀಲ ಹೊತ್ತವನ ಕಾಲು ಜಾರುತ್ತದೆ. ನಾನು ಕಟ್ಟೆಗೆ ಬಡಿದುಬಿಟ್ಟೇನೆಂಬ ಹೆದರಿಕೆಗೆ ಯಾವಾಗಲೂ ಸಂದು ಬಿಡುತ್ತಿದ್ದೆ.

ಹತ್ತೊಂಬತ್ತನೇ ದಿನ ಬೆಳಗ್ಗೆ ಲಕ್ಷ್ಮೇಶ್ವರದಲ್ಲಿ ಶೇಂಗಾ ಚೀಲ ತುಂಬುವುದಿತ್ತು. ಹಿಂದೆ ತಂದು ನಿಲ್ಲಿಸಿದೆ. ಇಳಿದು ನೋಡಿದರೆ ಎರಡು ಮೊಳ ಸಂದು. ಅಲ್ಲಿಯ ಹಿರಿಯ ಹಮಾಲನೊಬ್ಬ ಕಟ್ಟೆಯ ಮೇಲೆ ನಿಂತು ಸಂದಿಯೊಳಗೆ ಬಗ್ಗಿ ನೋಡಿದ.

“ಎಪ್ಪಾ ಡ್ರೈವರ್ ಸಾಹೇಬ್ರ, ಯಾವೂರಾತು ನಿಮ್ದು?”

“ಬೆಟಗೇರಿ.”

“ಅದಕ್ಕ ಮತ್ತ! ನಡಕ ಒಂದ ಮಗ್ಗ ಹೂಡುವಷ್ಟು ಜಾಗಾ ಬಿಟ್ಟೀರಿ. ನೇಯ್ಕೋತ ಕುಂಡ್ರಿ, ನಾವು ಆಮ್ಯಾಲ ಬರ್ತೀವಿ.”

ಹಮಾಲರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದು ಇರಲಿ, ಉಸ್ತಾದರೂ ನಕ್ಕರು. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದು ಹೋಯಿತು.

ಮಾಲು ಮುಂಡರಗಿಗೆ ಹೋಗಬೇಕಿತ್ತು. ದಾರಿಯಲ್ಲಿ ಶಿರಹಟ್ಟಿಯಲ್ಲಿ ಉಸ್ತಾದರ ಮನೆಗೆ ಊಟಕ್ಕೆ ಇಳಿದೆವು. ಅವರ ಹೆಂಡತಿ ಬಿಸಿ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ನೀಡಿ, ನನ್ನ ಮುಖ ನೋಡಿದರು.

“ಯಾಕ್ರಿ ತಮ್ಮಾರ, ಭಾಳ ಬೈತಾರೇನ್ರಿ ಇವ್ರು?”

“ಬೈದ್ರ ಚಲೋ ಇತ್ರೀ ಅಕ್ಕಾರ” ಅಂದೆ.

ಉಸ್ತಾದರು ರೊಟ್ಟಿ ಮುರಿಯುತ್ತ ಮಗ್ಗದ ಮಾತನ್ನು ಹೆಂಡತಿಗೆ ಹೇಳಿದರು. ಹಮಾಲನ ದನಿ ತೆಗೆದು ಹೇಳಿದರು. ಆ ತಾಯಿ ಪಾಪ, ನಗಬಾರದು ಅಂತ ಒಲೆಯ ಕಡೆ ತಿರುಗಿದರು. ಹೆಗಲು ಕುಲುಕುವುದು ಕಾಣುತ್ತಿತ್ತು. ಎರಡನೇ ರೊಟ್ಟಿ ಮುಟ್ಟದೆ ಎದ್ದು ಕೈ ತೊಳೆದೆ.

ಬೆಳ್ಳಟ್ಟಿಯ ಮೇಲೆ ಹಾಯ್ದು ಹೋಗುವ ದಾರಿಯುದ್ದಕ್ಕೂ ನಾನು ಗೇರಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಉಸ್ತಾದರು ಒಂದು ಸಲ, “ಸಿಟ್ಟ ಇಳಿಸಿ ಹತ್ತಬೇಕಿತ್ತಲೇ. ಲೋಡ್ ಜಾಸ್ತಿ ಆಗೇತಿ” ಅಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ನಗುತ್ತಿದ್ದೆ.

ಮುಂಡರಗಿಯ ಆ ಗೋದಾಮು ಒಂದು ಇಳಿಜಾರಿನ ಕೊನೆಯಲ್ಲಿತ್ತು. ರಸ್ತೆಯಿಂದ ಕಟ್ಟೆಯವರೆಗೆ ನೆಲ ಕೆಳಗಿಳಿಯುತ್ತ ಹೋಗುತ್ತದೆ. ಹಿಂದಿನ ದಿನ ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಉಸ್ತಾದರು ಇಳಿದು ಹಿಂದೆ ಹೋದರು. ಕಟ್ಟೆಯ ಮೇಲೆ ನಾಲ್ಕು ಜನ ಹಮಾಲರು ಕೈಕಟ್ಟಿ ನಿಂತಿದ್ದರು. ಅವರಿಗೆ ಉಸ್ತಾದರು ಹೇಳಿದ್ದು ನನಗೆ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು.

“ಹಲಗಿ ತಯಾರ ಇಟಗೋರಿ. ನಮ್ಮವ್ರು ನೇಕಾರ್ರು, ಮಗ್ಗಕ್ಕ ಜಾಗಾ ಬಿಟ್ಟ ನಿಂದರಸ್ತಾರ.”

ಅವತ್ತಿನ ಮಟ್ಟಿಗೆ ಅದು ಮೂರನೇ ಸಲ. ಒಬ್ಬ ಹಮಾಲ ನಗುತ್ತ ಒಳಗಿನಿಂದ ಹಲಗೆ ತಂದು ಕಟ್ಟೆಗೆ ಒರಗಿಸಿ ಇಟ್ಟ.

ಗಾಡಿ ಹಿಂದೆ ತರುವಾಗ ಉಸ್ತಾದರದು ಒಂದು ಕಾಯಿದೆ ಇತ್ತು. ಮೊದಲ ದಿನವೇ ಹೇಳಿಕೊಟ್ಟಿದ್ದರು. ಹಿಂದೆ ನಿಂತವನು “ಬರ್ಲಿ” ಅಂದರೆ ಬರಬೇಕು, “ತಡಿ” ಅಂದರೆ ನಿಲ್ಲಬೇಕು, ಮೂರನೇ ಮಾತು ಆಡಬಾರದು, ಕೇಳಬಾರದು. ಅವತ್ತೂ “ಬರ್ಲಿ… ಬರ್ಲಿ…” ಅಂತ ಶುರು ಮಾಡಿದರು. ಇಳಿಜಾರಾದ್ದರಿಂದ ಗಾಡಿ ತಾನಾಗಿಯೇ ಬರುತ್ತಿತ್ತು, ನಾನು ಬ್ರೇಕಿನ ಮೇಲೆ ಕಾಲಿಟ್ಟು ಇಷ್ಟಿಷ್ಟೇ ಬಿಡುತ್ತಿದ್ದೆ. “ಬರ್ಲಿ… ಇನ್ನೊಂದೀಟ ಬರ್ಲಿ…”

ಆಮೇಲೆ ಅವರು “ಆತು” ಅಂದರು.

ನಮ್ಮ ಕಡೆ ಈ ಮಾತಿಗೆ ಎರಡು ಮುಖ. ಊಟ ಆತು ಅಂದರೆ ಮುಗಿಯಿತು ಅಂತ. ನಾಳೆ ಬರುತ್ತೀಯಾ ಅಂತ ಕೇಳಿದಾಗ ಆತು ಅಂದರೆ ಹೂಂ, ಸರಿ ಅಂತ. ಹಿಂದಕ್ಕೆ ಬರುತ್ತಿರುವ ಗಾಡಿಗೆ ಆತು ಅಂದರೆ ಸಾಕು, ನಿಲ್ಲು ಅಂತಲೂ ಆಗುತ್ತದೆ. ಸರಿಯಿದೆ, ಹಾಗೇ ಬಾ ಅಂತಲೂ ಆಗುತ್ತದೆ. ಇಪ್ಪತ್ತೆಂಟು ವರ್ಷ ಗಾಡಿಯ ಹಿಂದೆ ನಿಂತು ಬಳಸದ ಆ ಮಾತು ಅವತ್ತು ಅವರ ಬಾಯಿಂದ ಯಾಕೆ ಬಂತೋ, ಅವರಿಗೂ ಗೊತ್ತಿಲ್ಲ. ಅವರು ಹಾಗೆ ಅನ್ನುವ ಹೊತ್ತಿಗೆ ಸರಿಯಾಗಿ ಒರಗಿಸಿಟ್ಟ ಹಲಗೆ ಜಾರಿ ಸಂದಿಯೊಳಗೆ ಬಿತ್ತು. ಗಾಡಿ ನಿಂತಿತು ಅಂದುಕೊಂಡು ಉಸ್ತಾದರು ಅದನ್ನು ಎಳೆಯಲು ಒಂದು ಕಾಲು ಒಳಗಿಟ್ಟರು. ಅವರು ಒಳಗೆ ಇಳಿದದ್ದು ನನಗೆ ಕಾಣಲಿಲ್ಲ. ನಾನು ಬ್ರೇಕು ಬಿಟ್ಟೆ. ಗಾಡಿ ಅರ್ಧ ಗೇಣು ಹಿಂದೆ ಹೋಯಿತು.

ಕಿರುಚಾಟ ಏನೂ ಕೇಳಲಿಲ್ಲ. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ಹಲಗೆ ಮುರಿಯಿತು ಅಂದುಕೊಂಡೆ. ಆಮೇಲೆ ಕಟ್ಟೆಯ ಮೇಲಿದ್ದ ನಾಲ್ವರೂ ಒಟ್ಟಿಗೆ “ಏ ಏ ಏ, ನಿಂದ್ರಸೋ!” ಅಂತ ಚೀರಿದರು. ಬ್ರೇಕು ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಉಸ್ತಾದರ ತಲೆ, ಒಂದು ಹೆಗಲು, ಕಟ್ಟೆಯ ಅಂಚನ್ನು ಹಿಡಿದ ಒಂದು ಕೈ ಅಷ್ಟೇ ಕಾಣುತ್ತಿದ್ದವು. ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ.

“ಇಳೀಬ್ಯಾಡ” ಅಂತ ಉಸ್ತಾದರ ದನಿ ಬಂತು. ಅದೇ ಮೆಲ್ಲಗಿನ ದನಿ. “ಬ್ರೇಕ್ ಮ್ಯಾಲಿಂದ ಕಾಲ ತಗೀಬ್ಯಾಡ.”

“ಉಸ್ತಾದ್ರ, ಏನಾತ್ರಿ?”

“ಕಾಲ ಸಿಕ್ಕೇತಿ. ಎಡಗಾಲು, ಮೊಣಕಾಲ ಹತ್ರ. ನೀ ಗಾಬರಿ ಆಗಬ್ಯಾಡ.”

ಹಮಾಲರು ಕೆಳಗೆ ಹಾರಿ ಗಾಡಿಯನ್ನು ಮುಂದೆ ನೂಕಲು ಹೆಗಲು ಕೊಟ್ಟರು. ತುಂಬಿದ ಲಾರಿ, ಅದೂ ಏರಿಗೆ, ನಾಲ್ಕು ಜನಕ್ಕೆ ಕದಲುತ್ತದೆಯೇ? ಒಬ್ಬ ಬೇರೆ ಡ್ರೈವರನ್ನು ಹುಡುಕಿಕೊಂಡು ರಸ್ತೆಗೆ ಓಡಿದ, ಯಾರೂ ಸಿಗಲಿಲ್ಲ ಅಂತ ಖಾಲಿ ಕೈಯಲ್ಲಿ ಓಡಿ ಬಂದ. ಗಾಡಿಯನ್ನು ಮುಂದೆ ತೆಗೆಯಬೇಕಾದವನು ನಾನೇ. ಇಳಿಜಾರಿನಲ್ಲಿ, ತುಂಬಿದ ಗಾಡಿಯನ್ನು, ಏರಿಗೆ. ಹತ್ತೊಂಬತ್ತು ದಿನದಲ್ಲಿ ಒಂದು ಸಲವೂ ಹಿಂದೆ ಸರಿಯದಂತೆ ಅದನ್ನು ಮಾಡಿರಲಿಲ್ಲ. ಇವತ್ತು ನಾಲ್ಕು ಬೆರಳು ಹಿಂದೆ ಸರಿದರೂ ಆ ಕಾಲು ಉಳಿಯುವುದಿಲ್ಲ.

“ನನ್ನ ಕೈಲಿ ಆಗೂದಿಲ್ರಿ” ಅಂತ ಕೂಗಿದೆ. ಹೇಳಲು ನಾಚಿಕೆಯಿಲ್ಲ, ಅಳುತ್ತಿದ್ದೆ.

“ಆಗತೈತಿ. ಗಾಡಿ ನಿನ್ನ ಕಾಲಾಗ ಐತಿ, ಬ್ಯಾರೆ ಯಾರ್ ಹತ್ತಿದ್ರೂ ಕಾಲ ಬದಲ ಮಾಡೂವಾಗ ಜಾರತೈತಿ.” ಆಮೇಲೆ ಹಮಾಲರಿಗೆ ಹೇಳಿದರು, “ನೀವು ನೂಕೂದ ಬಿಡ್ರಿ. ಗಾಲಿಗೆ ಕಲ್ಲು ಕೊಡ್ರಿ, ಜಲ್ದಿ.”

ಕಲ್ಲು ಕೊಟ್ಟರು. ಒಬ್ಬ, “ಮಣ್ಣು ಮೆತ್ತಗ ಐತ್ರಿ, ಕಲ್ಲು ಒಳಗ ಇಳಿತೈತಿ” ಅಂದ. ಆ ಮಾತನ್ನು ಅವನು ನನಗೆ ಕೇಳಿಸದ ಹಾಗೆ ಹೇಳಬಹುದಾಗಿತ್ತು.

ಉಸ್ತಾದರು ಒಂದೊಂದಾಗಿ ಹೇಳುತ್ತ ಹೋದರು. ಹ್ಯಾಂಡ್ ಬ್ರೇಕ್ ಎಳಿ. ಎಳೆದೆ. ಫಸ್ಟ್ ಗೇರ್ ಹಾಕು. ಗೇರು ಬೀಳಲಿಲ್ಲ. ಕೈ ಬೇರೆಲ್ಲೋ ಹೋಗುತ್ತಿತ್ತು. “ಜಲ್ದಿ ಏನಿಲ್ಲ, ಸಾವಕಾಶ ಹಾಕು” ಅಂದರು. ಕಾಲು ಸಿಕ್ಕಿಕೊಂಡ ಮನುಷ್ಯ ನನಗೆ ಸಾವಕಾಶ ಅನ್ನುತ್ತಿದ್ದಾರೆ! ಎರಡನೇ ಸಲಕ್ಕೆ ಗೇರು ಬಿತ್ತು.

“ಇನ್ನ ಕ್ಲಚ್ ಮ್ಯಾಲ ತಗೋ. ಪೂರಾ ಬ್ಯಾಡ. ಗಾಡಿ ಮುಂದಿನ ಮಾರಿ ನಡಗೂತನಾ ತಗೋ, ಅಲ್ಲೇ ಹಿಡಿ.”

ಎಡಗಾಲನ್ನು ಎತ್ತುತ್ತ ಬಂದೆ. ತೊಡೆ ಗಡಗಡ ನಡುಗುತ್ತಿತ್ತು. ಗಾಡಿ ನಡುಗುತ್ತಿದೆಯೋ ನಾನು ನಡುಗುತ್ತಿದ್ದೇನೋ ತಿಳಿಯಲಿಲ್ಲ. “ಗೊತ್ತಾಗವಲ್ದರಿ!” ಅಂತ ಕೂಗಿದೆ. ಉಸ್ತಾದರು ಹಿಂದಿನಿಂದ ಹೇಳಿದರು, “ನನಗ ಗೊತ್ತಾಗತೈತಿ. ಗಾಡಿ ನನ್ನ ಕಾಲಿಗೇ ಹತ್ತೇತಿ. ನಾ ಹೇಳತೀನಿ. ಇನ್ನೊಂಚೂರ ತಗೋ… ಇನ್ನೊಂಚೂರ… ತಡಿ. ಹಾಂ. ಈಗ ರೇಸ್ ಕೊಡು, ಹ್ಯಾಂಡ್ ಬ್ರೇಕ್ ಬಿಡು.”

ಬಿಟ್ಟೆ. ಗಾಡಿ ಹಿಂದೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಮುಂದೆ ಹೋಯಿತು. ಒಂದು ಮೊಳ, ಎರಡು ಮೊಳ. ಕನ್ನಡಿಯಲ್ಲಿ ಉಸ್ತಾದರ ತಲೆ ಕಾಣದಂತಾಯಿತು. ಹಮಾಲರು ಅವರನ್ನು ಕೈಗಳ ಮೇಲೆ ಹಿಡಿದುಕೊಂಡಿದ್ದರು.

ಇಳಿದು ಓಡಿ ಹೋಗಿ ನೋಡಿದೆ. ಆ ಕಾಲಿನ ವರ್ಣನೆ ನಾನು ಮಾಡುವುದಿಲ್ಲ. ಉಸ್ತಾದರ ತುಟಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, “ಬರೊಬ್ಬರಿ ತಗದಿ” ಅಂದರು. ಹತ್ತೊಂಬತ್ತು ದಿನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅಲ್ಲಿದ್ದ ಒಂದು ಸಣ್ಣ ಗೂಡ್ಸ್ ಗಾಡಿಯಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಗದಗಿಗೆ ಹೊರಟೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಕಾಲು ಉಳಿಯಿತು. ಆದರೆ ಮೊಣಕಾಲು ಮಡಚುವುದಿಲ್ಲ ಅಂದರು ಡಾಕ್ಟರು. ಒಳಗೆ ರಾಡು ಹಾಕಿದ್ದರು. ಕೋಲು ಹಿಡಿದು ನಡೆಯಬಹುದು, ಕ್ಲಚ್ಚು ಒತ್ತುವುದು ಇನ್ನು ಈ ಜನ್ಮದಲ್ಲಿ ಇಲ್ಲ. ಅವರ ಹೆಂಡತಿ ಡಾಕ್ಟರ ಮಾತು ಕೇಳಿ ಕಾರಿಡಾರಿನ ನೆಲದ ಮೇಲೆ ಕೂತುಬಿಟ್ಟರು. ನಾನು ಗೋಡೆ ಹಿಡಿದು ನಿಂತಿದ್ದೆ.

ಮಾಲೀಕರು ಆಸ್ಪತ್ರೆಗೆ ಬಂದು ಹೇಗಾಯಿತು ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಉಸ್ತಾದರು ಹೇಳಿದರು.

“ತಪ್ಪು ನಂದ ಐತ್ರಿ. ತಡಿ ಅನ್ನೂದ ಬಿಟ್ಟು ಆತು ಅಂದೆ. ಇಂವ ಬರ್ಲಿ ಅಂತ ತಿಳಕೊಂಡ. ಹೊಸಬ, ಅವ್ನದೇನ ತಪ್ಪು?”

ಮಾಲೀಕರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅದು ಹೂಂ ಅಂದ ಹಾಗೆ ಕಂಡಿರಬೇಕು. ಹಮಾಲರು ನಾನು ಗಾಡಿ ಮುಂದೆ ತೆಗೆದದ್ದನ್ನು ಹೊಗಳಿ ಹೊಗಳಿ ಹೇಳಿದ್ದರಂತೆ. ಮಾಲೀಕರು ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. “ಒಂದು ಬಟ್ಟು ಹಿಂದ ಜಾರಲಿಲ್ಲಂತ. ನೀ ಪಾಸಾದಿ. ಆ ಗಾಡಿ ನೀನ ತಗೋ.” ಹೀಗೆ ಉಸ್ತಾದರ ಗಾಡಿ ನನಗೆ ಬಂತು.

ಎರಡು ವರ್ಷ ಹೊಡೆದೆ. ರಸ್ತೆ ನನಗೆ ಒಗ್ಗಿತು. ಬೆನ್ನು ಸೀಟಿಗೆ ಹೊಂದಿಕೊಂಡಿತು. ಹೆಂಡತಿ ಎಲ್ಲಿ ಅದೀರಿ ಅಂದರೆ ಈಗ ಊರಿನ ಹೆಸರು ಹೇಳುತ್ತೇನೆ. ಅಡರಕಟ್ಟಿಯ ತಿರುವಿನಲ್ಲಿ ಎದುರು ಟ್ರ್ಯಾಕ್ಟರು ಬಂದರೂ ಎದೆ ಹೊಡೆದುಕೊಳ್ಳುವುದಿಲ್ಲ. ಆದರೆ ಗಾಡಿ ಹಿಂದೆ ತರುವಾಗ ಯಾರೇ ಹಿಂದೆ ನಿಂತರೂ ನಾನು ನಡುನಡುವೆ ಗಾಡಿ ನಿಲ್ಲಿಸಿ ಇಳಿದು ನೋಡುತ್ತೇನೆ. ಹಮಾಲರು ಸುಮ್ಮನೆ ಕಾಯುತ್ತಾರೆ, ಯಾರೂ ನಗುವುದಿಲ್ಲ. ಲಕ್ಷ್ಮೇಶ್ವರದಲ್ಲೂ ಮುಂಡರಗಿಯಲ್ಲೂ ಈಗ ಗಾಡಿಯ ಹಿಂದೆ ನಿಂತು ಯಾರೂ ಆತು ಅನ್ನುವುದಿಲ್ಲ. ಹೊಸಬರು ಯಾರಾದರೂ ಅಂದರೆ ಹಿರಿಯ ಹಮಾಲರು, “ಏ, ಆ ಮಾತ ಬ್ಯಾಡ. ಒಬ್ಬರ ಕಾಲ ಹೋಗೇತಿ ಅದಕ್ಕ” ಅಂತ ಗದರುತ್ತಾರೆ.

ಆ ಕಡೆ ಹೋದಾಗಲೆಲ್ಲ ಶಿರಹಟ್ಟಿಯಲ್ಲಿ ಉಸ್ತಾದರ ಮನೆಗೆ ಹೋಗುತ್ತಿದ್ದೆ. ಬಾಳೆಹಣ್ಣೋ, ಬೆಟಗೇರಿಯ ಒಂದು ಟವೆಲ್ಲೋ ಕೈಯಲ್ಲಿರುತ್ತಿತ್ತು. ಉಸ್ತಾದರು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದರು. ಅವರ ಹೆಂಡತಿ, “ಅವತ್ತ ನೀವು ಇದ್ರಿ ಅಂತ ಕಾಲರ ಉಳೀತ್ರಿ ತಮ್ಮಾರ” ಅಂತ ಪ್ರತಿ ಸಲವೂ ಅನ್ನುತ್ತಿದ್ದರು. ಆ ಮಾತು ಮುಗಿಯುವವರೆಗೆ ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ.

ಈ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೋದೆ. ಉಸ್ತಾದರು ಊಟಕ್ಕೆ ಕೂತಿದ್ದರು. ಅವರ ಹೆಂಡತಿ ನನಗೂ ಒಂದು ತಾಟು ತಂದಿಟ್ಟು, ಅವರನ್ನು ಕೇಳಿದರು.

“ನಿಮ್ದು ಊಟ ಆತೇನ್ರಿ?”

“ಮುಗೀತು” ಅಂದರು ಉಸ್ತಾದರು.

“ಸಂಜಿಕ ದವಾಖಾನಿಗೆ ಹೋಗೂಣಲ್ಲ?”

“ಹೂಂ. ಹೋಗೂಣು.”

ಅಕ್ಕ ನನ್ನ ಕಡೆ ತಿರುಗಿ ನಕ್ಕರು. ನಗುವಿನಲ್ಲಿ ನಗುವೇನೂ ಇರಲಿಲ್ಲ. “ನೋಡ್ರಿ ತಮ್ಮಾರ, ಎರಡ ವರ್ಷದಿಂದ ಇವ್ರ ಬಾಯಾಗ ಆತು ಅನ್ನೂ ಮಾತ ಬಂದಿಲ್ಲ. ಮರತ ಅರ್ಧ ಅಂದ್ರ ನಾಲಿಗಿ ಕಚ್ಚಿಕೋತಾರ. ನಿದ್ದ್ಯಾಗ ತಡಿ, ತಡಿ ಅಂತಿರ್ತಾರ. ಕಾಲಿನ ಬ್ಯಾನಿ ಮಾತ ಆಡೂದಿಲ್ಲ, ಆ ಮಾತಿಂದೇ ಕೊರಗು.”

ಉಸ್ತಾದರು ತಾಟಿನಲ್ಲಿ ಬೆರಳು ಆಡಿಸುತ್ತ, “ಖರೆ ಐತಲ್ಲ. ಇನ್ನೊಬ್ಬರಿಗೆ ಕಲಿಸಾಂವ ನಾ. ನಾನ ತಪ್ಪಿದೆ. ನನ್ನ ಕಾಲ ನನ್ನ ಬಾಯೇ ತಿಂತು” ಅಂದರು.

ನಮ್ಮ ಸೀಮೆಯಲ್ಲಿ ಆತು ಅನ್ನದೆ ಒಂದು ದಿನ ಕಳೆಯುವುದು ಉಸಿರು ಹಿಡಿದು ಬದುಕಿದ ಹಾಗೆ. ಆ ಮನುಷ್ಯ ಎರಡು ವರ್ಷ ಹಾಗೆ ಬದುಕಿದ್ದರು. ನಾನು ತಾಟಿನ ಮುಂದಿನಿಂದ ಎದ್ದು ನಿಂತೆ.

“ಉಸ್ತಾದ್ರ, ನನಗ ತಿಳಿದಿತ್ರಿ.”

“ಏನು?”

“ನೀವು ಆತು ಅಂದದ್ದು ನಿಂದ್ರು ಅಂತ ತಿಳಿದಿತ್ರಿ. ಬರ್ಲಿ ಅಂತ ನಾ ತಿಳಕೊಂಡಿದ್ದಿಲ್ಲ. ಕನ್ನಡ್ಯಾಗ ನೋಡಿದೆ, ಇನ್ನೊಂದ ಗೇಣು ಸಂದ ಐತಿ ಅಂತ ಕಾಣ್ತು. ಹಮಾಲರು ಕೈಕಟ್ಟಿ ನಿಂತಿದ್ರು. ಮುಂಜಾನಿಂದ ಮಗ್ಗ ಮಗ್ಗ ಅಂತ ನಕ್ಕಿದ್ರಿ. ಆ ಗೇಣೂ ಬಿಡಬಾರ್ದು, ಕಟ್ಟಿಗೆ ಹಚ್ಚೇ ತೋರಸ್ತೀನಿ ಇವ್ರಿಗೆ ಅಂತ ಸಿಟ್ಟಿಗೆ ಬ್ರೇಕ್ ಬಿಟ್ಟೆ. ನೀವು ಒಳಗ ಇಳದದ್ದು ಕಂಡಿದ್ದಿಲ್ರಿ, ದೇವರಾಣಿ ಕಂಡಿದ್ದಿಲ್ಲ. ಆದ್ರ ಮಾತು ತಿಳಿದಿತ್ತು.”

ಒಂದೇ ಉಸಿರಿಗೆ ಹೇಳಿದೆ. ಅಕ್ಕ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಬಂದು, ನನ್ನ ಮುಂದಿದ್ದ ತಾಟನ್ನು ಎತ್ತಿಕೊಂಡು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಉಸ್ತಾದರು ನನ್ನ ಮುಖ ನೋಡಲಿಲ್ಲ. ತಮ್ಮ ಚಾಚಿದ ಕಾಲನ್ನೇ ನೋಡುತ್ತಿದ್ದರು.

“ಹೋಗು” ಅಂದರು. “ಗಾಡ್ಯಾಗ ಮಾಲ ಐತಿ.”

ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟುವಾಗ ಹಿಂದಿನಿಂದ ಕರೆದರು.

“ಲೇ ತಮ್ಮಾ, ಒಂದ ಮಾತು. ಖರೆ ಹೇಳು. ಅವತ್ತ ನಾ ತಡಿ ಅಂದಿದ್ರ ನೀ ನಿಂದರತಿದ್ದೇನು?”

ಹೂಂ ಅಂದುಬಿಡಬಹುದಾಗಿತ್ತು. ಹಾಗಂದರೆ ತಪ್ಪಿನಲ್ಲಿ ಅವರಿಗೂ ಒಂದು ಪಾಲು ಹೋಗುತ್ತಿತ್ತು, ನನ್ನ ಹೆಗಲ ಮೇಲಿನದು ಅಷ್ಟು ಕಡಿಮೆಯಾಗುತ್ತಿತ್ತು. ಆ ದಿನದ ನನ್ನ ಸಿಟ್ಟನ್ನು ಎರಡು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅವರು ಏನೇ ಅಂದಿದ್ದರೂ ನಾನು ಆ ಒಂದು ಗೇಣು ಮುಚ್ಚಿಯೇ ತೀರುತ್ತಿದ್ದೆ.

“ಇಲ್ರಿ” ಅಂದೆ. “ನಿಂದರತಿದ್ದಿಲ್ಲ.”

ಉಸ್ತಾದರು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದರು. ಅವರ ಮುಖ ಅಷ್ಟು ಸಡಿಲವಾದದ್ದನ್ನು ಎರಡು ವರ್ಷದಲ್ಲಿ ನಾನು ಒಂದು ಸಲವೂ ನೋಡಿರಲಿಲ್ಲ.